ಅಜ್ಜ ನೋಡದೆ ಬಿಟ್ಟ ತೊಗಲು

ಚಕ್ರ ಎಂಟನೇ ಸಲ ಕಿರುಚಿತು.

"ಕೇಳಿಸ್ತಾ?" ಎಂದ ಕಿವಿಯಜ್ಜ.

ವಿಮೆಯಕ್ಕನಿಗೆ ಕೇಳಿಸಿದ್ದು ಬರೀ ಗದ್ದಲ. ಹಿಂದಿನ ಏಳು ಸಲ ಕೇಳಿಸಿದ್ದೂ ಅದೇ. ಅಗಲವಾದ ಕಬ್ಬಿಣದ ಚಕ್ರ ಗಿರ್ರನೆ ತಿರುಗುತ್ತಿತ್ತು. ಅದರ ಮೈಗೆಲ್ಲ ವಜ್ರದ ಪುಡಿ ಬೆರೆಸಿದ ಎಣ್ಣೆ. ಹಿಡಿಕೆಯ ಹಲ್ಲುಗಳ ನಡುವೆ ಸಿಕ್ಕಿಸಿದ, ಕಡಲೆಕಾಳಿಗಿಂತ ತುಸು ದೊಡ್ಡ ಹರಳನ್ನು ಅಜ್ಜ ಆ ಚಕ್ರಕ್ಕೆ ತಾಗಿಸುವುದು, ಅದು ಕಿರುಚುವುದು, ಅವನು ಎತ್ತಿ ನೋಡಿ ತಲೆಯಾಡಿಸುವುದು. ಒಂದೂವರೆ ಗಂಟೆಯಿಂದ ಇದೇ ನಡೆದಿತ್ತು.

"ಅಜ್ಜಾ, ನನಗೆ ಇದರಲ್ಲಿ ಏನೂ ಕೇಳಿಸ್ತಿಲ್ಲ," ಎಂದಳು. ಸುಳ್ಳು ಹೇಳುವಷ್ಟು ತಾಳ್ಮೆಯೂ ಅವಳಲ್ಲಿ ಉಳಿದಿರಲಿಲ್ಲ.

ಸೋಮವಾರ ಬೆಳಗ್ಗೆ "ಇದು ನನ್ನ ಹರಳಲ್ಲ, ಯಾರೋ ಬದಲಾಯಿಸಿದಾರೆ" ಎಂದು ಚಕ್ರ ನಿಲ್ಲಿಸಿ ಎದ್ದು ನಿಂತವನು ಈ ಅಜ್ಜ. ಬುಧವಾರ ಪರೀಕ್ಷಕನ ವರದಿ ಬಂದು, ಇದು ಗಣಿಯ ವಜ್ರವಲ್ಲ, ಯಂತ್ರದಲ್ಲಿ ಬೆಳೆಸಿದ್ದು ಎಂದ ಮೇಲೆ ಕಳ್ಳ ಎನಿಸಿಕೊಂಡವನೂ ಈ ಅಜ್ಜನೇ. ಇವತ್ತು ಗುರುವಾರ. ನಾಲ್ಕು ಗಂಟೆಗೆ ದೊಡ್ಡ ಯಜಮಾನರು ಬಂದು ಪೊಲೀಸ್ ದೂರಿಗೆ ಸಹಿ ಹಾಕುತ್ತಾರೆ. ನಲವತ್ತು ವರ್ಷ ಕೂತ ಪೀಠದಿಂದ ಅಜ್ಜ ಎದ್ದು ನೇರವಾಗಿ ಠಾಣೆಗೆ ಹೋಗಬೇಕು.

ಗೋಡೆಯ ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು.

ವಿಮಾ ಕಂಪನಿಯಿಂದ ಪತ್ತೆಗೆಂದು ಬಂದವಳನ್ನು ಸಾಣೆಮನೆಯವರು ಮೊದಲ ದಿನ ಮೇಡಂ ಎಂದರು. ಎರಡನೇ ದಿನಕ್ಕೆ ವಿಮೆ ಮೇಡಂ ಆದಳು. ನಾಲ್ಕನೇ ದಿನಕ್ಕೆ ವಿಮೆಯಕ್ಕ. ಸಂಬಂಧ ಬೆಳೆಯಿತೇ ಹೊರತು ಪತ್ತೆ ಒಂದು ಹೆಜ್ಜೆಯೂ ಬೆಳೆಯಲಿಲ್ಲ. ಅವಳಿಗೆ ತನ್ನ ಮೇಲೆಯೇ ರೇಗುತ್ತಿತ್ತು.

"ಅಪ್ಪಾ, ಅಕ್ಕಂಗೆ ಇನ್ನೊಂದ್ಸಲ ಬಿಡಿಸಿ ಹೇಳು," ಎಂದು ಅಜ್ಜನ ಕಿವಿಯ ಹತ್ತಿರ ಬಾಗಿ ಕೂಗಿದಳು ಮಗಳು. ಅವಳದ್ದು ಪಕ್ಕದ ಚಕ್ರ. ಕೆಲಸ ಕಲಿತದ್ದು ಅಪ್ಪನಿಂದಲೇ. ಕಿವಿಯಜ್ಜನೆಂಬ ಅಡ್ಡಹೆಸರು ಬಂದದ್ದು ಹೀಗೆ: ಮನುಷ್ಯರ ಮಾತು ಅವನಿಗೆ ಕಾಲುಭಾಗ ಕೇಳಿಸಿದರೆ ಹೆಚ್ಚು, ಚಕ್ರದ ಸದ್ದು ಮಾತ್ರ ಒಂದು ಕೂದಲೆಳೆಯೂ ತಪ್ಪುವುದಿಲ್ಲ. ಹೆಂಡತಿ ಇದ್ದಾಗ, ನಾನೂ ಗರಗರ ತಿರುಗಿದ್ದರೆ ಈ ಮನುಷ್ಯನಿಗೆ ಕೇಳಿಸುತ್ತಿದ್ದೆ ಎನ್ನುತ್ತಿದ್ದಳಂತೆ.

ಅಜ್ಜ ಚಕ್ರ ನಿಲ್ಲಿಸಿದ. "ಹಲಗೆಗೆ ಎಳೆ ಇರತ್ತಲ್ಲಮ್ಮ? ಬಡಗಿ ಎಳೆ ಹಿಡಿದು ಕೀಸಿದ್ರೆ ಹಾಳೆ ಹಾಳೆಯಾಗಿ ಬರತ್ತೆ. ಎದುರು ಕೀಸಿದ್ರೆ ಸಿಬಿರು ಏಳತ್ತೆ. ವಜ್ರಕ್ಕೂ ಎಳೆ ಇದೆ. ಎಲ್ಲ ಕಡೆಯೂ ಗಟ್ಟಿ, ಆದ್ರೆ ಒಂದೊಂದು ಮುಖಕ್ಕೆ ಒಂದೊಂದು ಮೆತ್ತಗಿನ ದಿಕ್ಕು. ಆ ದಿಕ್ಕು ಹುಡುಕೋದೇ ನಮ್ಮ ಕೆಲಸ. ಸಿಕ್ಕಿದ್ರೆ ಒಂದು ಗಂಟೇಲಿ ಮುಖ ಕನ್ನಡಿಯಾಗತ್ತೆ. ಸಿಗದಿದ್ರೆ ವಾರ ಹಿಡಿದ್ರೂ ಚಕ್ರ ಗೀರಿ ಹೋಗತ್ತೆ, ಹರಳು ಸುಡತ್ತೆ."

"ಸುಟ್ಟರೆ ಏನಾಗತ್ತೆ?"

"ಮಂಜು ಕವಿದ ಹಾಗಾಗತ್ತೆ. ಒಳಗೆ ಹೋದ ಬೆಳಕು ದಾರಿ ತಪ್ಪತ್ತೆ, ತಿರುಗಿ ಕಣ್ಣಿಗೆ ಬರಲ್ಲ. ಆಮೇಲೆ ವಜ್ರಕ್ಕೂ ಪಟಿಕಕ್ಕೂ ಏನು ಫರಕು? ಭೂಮಿ ಕೊಟ್ಟಿದ್ದು ಗಟ್ಟಿತನ ಒಂದೇ. ಹೊಳಪು ನಾವು ಕೊಡೋದು." ಇಷ್ಟು ಹೇಳುವಾಗ ಅಜ್ಜ ತಾನು ಕಟಕಟೆಯಲ್ಲಿರುವವನೆಂಬುದನ್ನು ಮರೆತಿದ್ದ.

"ಸರಿ. ಈ ಹರಳು?"

"ಶನಿವಾರ ಸಂಜೆ ಮೇಲಿನ ಸುತ್ತಿನ ಎಂಟು ಮುಖ ಬಾಕಿ ಇತ್ತು. ನೋಡೋಕೆ ಎಂಟೂ ಅವಳಿಜವಳಿ, ಒಂದೇ ಥರ. ಮೊದಲನೇ ಮುಖಕ್ಕೆ ದಿಕ್ಕು ಹುಡುಕಿ, ಹಿಡಿಕೆಯಲ್ಲಿ ಹಾಗೇ ಬಿಟ್ಟು ತಿಜೋರಿಗೆ ಕೊಟ್ಟೆ. ಬಲಗಡೆಯಿಂದ ಬೆಣ್ಣೆ ಥರ ತಗೊಳ್ತಿತ್ತು. ಸೋಮವಾರ ಅದೇ ಬಲಗಡೆಯಿಂದ ತಾಗಿಸಿದ್ರೆ ಕಿರುಚ್ತು. ಹರಳಿನ ಎಳೆ ಭಾನುವಾರ ರಜಾ ತಗೊಂಡು ತಿರುಗಿ ಮಲಗ್ತದಾ? ಇವತ್ತು ನೋಡಿ, ಎಂಟು ಮುಖಕ್ಕೂ ಎಂಟು ಸಲ ಕೂಗಿತು. ಒಂದಾದ್ರೂ ನನ್ನ ಗುರುತು ಹಿಡೀಲಿಲ್ಲ."

ಬಾಗಿಲ ಬಳಿ ಚಪ್ಪಾಳೆ ಕೇಳಿಸಿತು. ನಿಧಾನವಾದ, ಮೂರೇ ಮೂರು ಚಪ್ಪಾಳೆ.

ಅಳಿಯ ಬಂದಿದ್ದ. ದೊಡ್ಡ ಯಜಮಾನರ ಒಬ್ಬಳೇ ಮಗಳನ್ನು ಮದುವೆಯಾಗಿ ಸಾಣೆಮನೆಯ ಉಸ್ತುವಾರಿ ಪಡೆದವನು. ಇಸ್ತ್ರಿ ಮುರಿಯದ ಅಂಗಿ, ಬೆರಳಿಗೆ ಸಿಕ್ಕಿಸಿ ಸದಾ ತಿರುಗಿಸುವ ಕೀಲಿಗೊಂಚಲು. ಆರು ವರ್ಷವಾದರೂ ಇಲ್ಲಿ ಯಾರೂ ಅವನನ್ನು ಯಜಮಾನ ಎನ್ನುವುದಿಲ್ಲ, ಅಳಿಯಂದ್ರು ಎನ್ನುತ್ತಾರೆ. ಆ ಉರಿ ಅವನಿಗೆ ಒಳಗೇ ಇತ್ತು.

"ಬೆಟ್ಟ ಅಗೆದ್ರಿ, ಇಲಿ ಸಿಕ್ತಾ?" ಎಂದ. "ಹರಳು ಬೇರೆ ಅಂತ ಪರೀಕ್ಷಕ ಬರೆದು ಕೊಟ್ಟಾಯ್ತು. ಈಗ ಅಜ್ಜನೂ ಬೇರೆ ಅಂತಾನೆ. ಹೊಸದೇನು ಕಂಡುಹಿಡಿದ್ರಿ?"

ಹೊಸದೇನೂ ಇಲ್ಲ. ಅದೇ ಅವಳ ಸಂಕಟ.

"ಕದ್ದವನು ತಾನೇ ಯಾಕೆ ಕೂಗಿ ಹೇಳ್ತಾನೆ, ಸಾರ್? ತೂಕ ಸರಿ ಇತ್ತು, ಆಕಾರ ಸರಿ ಇತ್ತು. ಅಜ್ಜ ಸುಮ್ನೆ ಇದ್ದಿದ್ರೆ ನಿಮಗ್ಯಾರಿಗೂ ಗೊತ್ತೇ ಆಗ್ತಿರಲಿಲ್ಲ," ಎಂದಳು ವಿಮೆಯಕ್ಕ.

"ನಾನು ಹೇಳೋದು ಇಷ್ಟೇ. ಕಳ್ಳನೇ ಮೊದಲು ಕಳ್ಳ ಕಳ್ಳ ಅಂತ ಕೂಗೋದು. ಹನ್ನೊಂದು ದಿನ ಹರಳು ಯಾರ ಕೈಲಿತ್ತು? ಬೇರೆ ಯಾರ ಕೈಲೂ ಇರಲಿಲ್ಲ." ಕೀಲಿಗೊಂಚಲು ಒಂದು ಸುತ್ತು ತಿರುಗಿತು. "ನಿಮಗೆ ನಾವು ಏನು ಕಮ್ಮಿ ಮಾಡಿದ್ವಿ? ಕಾಯಿಸಬಾರದು ಅಂತ ನಮ್ಮ ಮಾವನೇ ಪರೀಕ್ಷಕನಿಗೆ ಫೋನ್ ಮಾಡಿ ಅವತ್ತೇ ಸಮಯ ಕೊಡಿಸಿದ್ರು. ವರದಿ ಬಂತು. ಇನ್ನೂ ಚಕ್ರದ ಸಂಗೀತ ಕೇಳ್ತಾ ಕೂತಿದೀರಿ."

ಅವಳ ಫೋನು ನಡುಗಿತು. ಕಂಪನಿಯ ಮೇಲಧಿಕಾರಿ. *ನಾಲ್ಕಕ್ಕೆ ಕಡತ ಮುಚ್ಚಿ. ಇನ್ನು ಒಂದು ದಿನವೂ ಕೊಡಲಾಗದು.*

ಫೋನನ್ನು ಬೋರಲು ಹಾಕಿದಳು. ತಲೆ ಚಿಟ್ಟು ಹಿಡಿದಿತ್ತು. ನಾಲ್ಕು ದಿನದಲ್ಲಿ ಹದಿನೇಳು ಜನರನ್ನು ಮಾತಾಡಿಸಿದ್ದಳು. ಕಸ ಗುಡಿಸುವವಳ ಮೊರದಿಂದ ಹಿಡಿದು ಎಣ್ಣೆಯ ಡಬ್ಬಿಯವರೆಗೆ ಜಾಲಾಡಿದ್ದಳು. ಕೊನೆಗೆ ಉಳಿದದ್ದು ಒಬ್ಬ ಮುದುಕ ಮತ್ತು ಅವನ ಕಿವಿ. ನ್ಯಾಯಾಲಯದಲ್ಲಿ ಕಿವಿಯನ್ನು ಸಾಕ್ಷಿಯಾಗಿ ಹಾಜರುಪಡಿಸುವುದು ಹೇಗೆ?

"ಕೊಡಿ ಇಲ್ಲಿ," ಎಂದು ಹರಳನ್ನು ಹಿಡಿಕೆಯಿಂದ ಬಿಡಿಸಿ ಕೊಡುವಂತೆ ಕೈ ಚಾಚಿದಳು. ಮಾಡಲು ಬೇರೆ ಕೆಲಸ ತೋಚದ್ದರಿಂದ ಕೇಳಿದಳು, ಅಷ್ಟೇ.

ಮಗಳು ತಿರುಪು ಸಡಿಲಿಸಿ ಹರಳನ್ನು ಚಿಮಟದಲ್ಲಿ ಎತ್ತಿ ಕೊಟ್ಟಳು. ವಿಮೆಯಕ್ಕ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡಳು. ಮುಖಗಳು, ಅಂಚುಗಳು, ಹರಳಿನ ನಡುವಿನ ಸುತ್ತಂಚು, ಅಂದರೆ ಸೊಂಟ. ಸೊಂಟದ ಒಂದು ಕಡೆ ಹೊಳಪಿಲ್ಲದ ಸಣ್ಣ ಜಾಗ. ಉಗುರಿನ ಚೂರಿನಷ್ಟೂ ಇಲ್ಲ. ಬೂದು ಬೂದಾಗಿತ್ತು.

"ಇದೇನಿದು? ಇಲ್ಲಿ ಸಾಣೆ ಹಿಡಿಯೋಕೆ ಮರೆತಿದೀರಾ?"

"ಮರೆಯೋದಲ್ಲಕ್ಕಾ, ಅದು ತೊಗಲು," ಎಂದಳು ಮಗಳು. "ಭೂಮಿಯಿಂದ ಬಂದಾಗಿನ ಹುಟ್ಟುತೊಗಲು. ಅಪ್ಪ ಯಾವ ದೊಡ್ಡ ಹರಳಾದ್ರೂ ಸೊಂಟದಲ್ಲಿ ಒಂದು ಚೂರು ಹಾಗೇ ಉಳಿಸ್ತಾರೆ. ನೋಡಿ, ಇದಕ್ಕಿಂತ ದೊಡ್ಡದು ಈ ಕಲ್ಲಿಂದ ಬರೋಕೆ ಸಾಧ್ಯವೇ ಇರಲಿಲ್ಲ, ನಾನು ಒಂದು ಗುಲಗಂಜಿಯಷ್ಟೂ ಹಾಳು ಮಾಡಿಲ್ಲ ಅಂತ ಯಜಮಾನರಿಗೆ ತೋರಿಸೋಕೆ. ಹಳೇ ಸಾಣೆಗಾರರ ಮರ್ಯಾದೆ ಅದು."

"ಕಳ್ಳ ಅದನ್ನೂ ನಕಲು ಮಾಡಿದಾನೆ," ಎಂದ ಅಳಿಯ. "ತೂಕ, ಆಕಾರ, ತೊಗಲು, ಎಲ್ಲ. ಒಳಗಿನವರಿಗೆ ಮಾತ್ರ ಗೊತ್ತಿರೋ ಸಂಗತಿ. ಅಜ್ಜನಿಗೆ ಗೊತ್ತಿರೋ ಹಾಗೆ ಇನ್ಯಾರಿಗೆ ಗೊತ್ತು?"

ವಿಮೆಯಕ್ಕ ಭೂತಗನ್ನಡಿಯೊಳಗಿನ ಬೂದು ಚೂರನ್ನೇ ನೋಡುತ್ತಿದ್ದಳು. ಅರದಿಂದ ಉಜ್ಜಿದ ಹಾಗೆ ಒಂದೇ ಸಮ ತರಿತರಿಯಾಗಿತ್ತು. ಅವಳ ಮನಸ್ಸಿನಲ್ಲಿ ಏನೋ ಅಡ್ಡಾಡಿತು. ಸೋಮವಾರ ನೋಡಿದಾಗ ಅದು ಹೀಗಿರಲಿಲ್ಲ.

ಸೋಮವಾರ. ಅಜ್ಜ ಗಲಾಟೆ ಮಾಡಿ ಎದ್ದ ಮೇಲೆ, ಮಧ್ಯಾಹ್ನ ಅವಳು ಬಂದು ಹರಳನ್ನು ಲಕೋಟೆಗೆ ಹಾಕಿ ಮೊಹರು ಮಾಡುವ ಮುಂಚೆ, ಹತ್ತು ಜನರೆದುರು ಇದೇ ಭೂತಗನ್ನಡಿಯಲ್ಲಿ ನೋಡಿದ್ದಳು. ಸೊಂಟದಲ್ಲಿ ಗುಳಿ ಕಂಡು, ಕುಂದು ಇರಬೇಕೆಂದು ತನಿಖೆಯ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಬರೆಯಲು ಪದ ಸಿಗದೆ ಚಿತ್ರ ಬಿಡಿಸಿದ್ದಳು.

ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂದು ಅವಳ ಅಮ್ಮ ಕನ್ನಡಕ ಹುಡುಕುವಾಗಲೆಲ್ಲ ಬೈದುಕೊಳ್ಳುತ್ತಿದ್ದುದು ನೆನಪಾಯಿತು. ಹಾಳೆ ಸಿಕ್ಕಿತು. ಮೂರು ಮೂಲೆಯ ಮೂರು ಪುಟ್ಟ ಗುಳಿಗಳು. ದೊಡ್ಡದರ ಹೊಟ್ಟೆಯೊಳಗೆ ಒಂದು ಸಣ್ಣದು. ಮೂರನೆಯದು ಪಕ್ಕದಲ್ಲಿ, ತಲೆಕೆಳಗಾಗಿ. ಕೆಳಗೆ ತಾರೀಖು, ಗಂಟೆ, ಅವಳ ಸಹಿ. ಸಾಕ್ಷಿಯಾಗಿ ಅಳಿಯನ ಸಹಿಯೂ ಇತ್ತು.

ಅವಳು ಪುಸ್ತಕವನ್ನು ಅಜ್ಜನ ಮುಂದೆ ಹಿಡಿದಳು.

ಅಜ್ಜ ನೋಡಿದ. ಅವನ ಮುಖ ಅರಳಿತು. ನಾಲ್ಕು ದಿನದಲ್ಲಿ ಮೊದಲ ಸಲ.

"ಇದು ನಂದು," ಎಂದ. "ಇದೇ ನನ್ನ ಹರಳಿನ ತೊಗಲು. ಒಂದರ ಹೊಟ್ಟೇಲಿ ಒಂದು, ಪಕ್ಕದಲ್ಲಿ ಬೋರಲು ಬಿದ್ದಿದ್ದು ಒಂದು. ಹನ್ನೊಂದು ದಿನ ದಿನಾ ನೋಡಿದೀನಿ. ಭೂಮಿಯೊಳಗೆ ಬೆಳೆದಿದ್ದಕ್ಕೆ ಮಾತ್ರ ಬರೋ ಗುರುತು ಇದು, ಒಂದರ ಹಾಗೆ ಇನ್ನೊಂದಿರಲ್ಲ. ಎಲ್ಲಿ ಸಿಕ್ತಮ್ಮ ಹರಳು?"

"ಸೋಮವಾರ ನೋಡಿದ್ದು, ಅಜ್ಜಾ."

"ಯಾವಾಗ?"

ಮಗಳು ಅವನ ಕಿವಿಗೆ ಬಾಗಿದಳು. ಆದರೆ ಅವಳ ಬಾಯಿಂದ ಮಾತು ಹೊರಡಲಿಲ್ಲ. ವಿಮೆಯಕ್ಕನೇ ಕೂಗಿ ಹೇಳಬೇಕಾಯಿತು. "ಸೋಮವಾರ. ನೀವು ನಿಮ್ಮದಲ್ಲ ಅಂತ ಎದ್ದು ನಿಂತ್ರಲ್ಲ, ಆಮೇಲೆ. ಅದೇ ಹರಳು."

ಅಜ್ಜ ಅವಳನ್ನು ದಿಟ್ಟಿಸಿ ನೋಡಿದ. "ಆಗಲ್ಲ. ಅದು ಕಿರುಚ್ತು."

"ಸೋಮವಾರ ಎಷ್ಟು ಮುಖ ತಾಗಿಸಿ ನೋಡಿದ್ರಿ?"

"ಒಂದು. ಒಂದು ಸಾಕು ನನಗೆ."

"ತೊಗಲು ನೋಡಿದ್ರಾ?"

ಅಜ್ಜ ನೋಡಿರಲಿಲ್ಲ. ಹಿಡಿಕೆಯ ಹಲ್ಲುಗಳು ಸೊಂಟವನ್ನು ಮುಚ್ಚಿಕೊಂಡಿರುತ್ತವೆ, ಹೊರಗೆ ತೆಗೆಯದೆ ತೊಗಲು ಕಾಣುವುದಿಲ್ಲ. ಹೊರಗೆ ತೆಗೆದಾಗ ಅವನು, ನನ್ನದಲ್ಲದ್ದನ್ನು ಮುಟ್ಟುವುದಿಲ್ಲ ಎಂದು ಕೈಕಟ್ಟಿ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಕಿವಿ ಹೇಳಿದ ಮೇಲೆ ಕಣ್ಣು ಯಾಕೆ ಎಂಬ ಜಂಬ. ಬೇರೆ ಯಾವ ಸಾಣೆಗಾರನಾದರೂ ಅನುಮಾನ ಪಟ್ಟು ಇನ್ನೊಂದು ಮುಖ ತಿರುಗಿಸಿ ನೋಡುತ್ತಿದ್ದ. ಇವನಿಗೆ ತನ್ನ ಕಿವಿಯ ಮೇಲೆ ಅನುಮಾನವೇ ಬರುವುದಿಲ್ಲ.

ವಿಮೆಯಕ್ಕನಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. "ಎಂಟು ಮುಖವೂ ಅವಳಿಜವಳಿ ಅಂದ್ರಲ್ಲ. ಯಾರಾದ್ರೂ ಹಿಡಿಕೆ ಬಿಚ್ಚಿ, ಹರಳನ್ನ ಒಂದೇ ಒಂದು ಮುಖ ತಿರುಗಿಸಿ ಮತ್ತೆ ಬಿಗಿದಿದ್ರೆ?"

"ಆಗ..." ಅಜ್ಜ ತನ್ನ ಎಣ್ಣೆಗೈಯನ್ನು ನೋಡಿಕೊಂಡ. "ಆಗ ನನ್ನ ಕಣ್ಣಿಗೆ ಅದೇ ಮುಖ ಅನಿಸ್ತದೆ. ಚಕ್ರಕ್ಕೆ ಪಕ್ಕದ ಮುಖ. ಅದರ ಎಳೆ ಬೇರೆ. ಕಿರುಚ್ತದೆ."

ಸಾಣೆಮನೆಯ ಉಳಿದ ಚಕ್ರಗಳು ಒಂದೊಂದಾಗಿ ನಿಂತವು. ಎಲ್ಲರಿಗೂ ಕೆಲಸಕ್ಕಿಂತ ಈ ಮಾತೇ ರುಚಿಸಿತ್ತು. ಅಳಿಯ ಕೈ ಬೀಸಿ ಅವರನ್ನೆಲ್ಲ ಊಟದ ಕೋಣೆಗೆ ಅಟ್ಟಿದ. ಒಳಗೆ ನಾಲ್ಕೇ ಜನ ಉಳಿದರು.

"ಹಾಗಾದ್ರೆ ನೀವು ಹೇಳೋದು," ಅಳಿಯ ಒಂದೊಂದೇ ಮಾತನ್ನು ತೂಗಿ ಇಟ್ಟ, "ಸೋಮವಾರ ಮಧ್ಯಾಹ್ನ ಇಲ್ಲಿಂದ ಹೊರಗೆ ಹೋಗಿದ್ದು ನಿಜವಾದ ಹರಳು."

"ಹೌದು. ಕಳುವಾಯ್ತು ಅಂತ ನಾವೆಲ್ಲ ಕೂಗಾಡುವಾಗ ಹರಳು ಕಳುವಾಗಿರಲೇ ಇಲ್ಲ. ಆಮೇಲೆ ಆಯ್ತು. ಅಜ್ಜ ಕಳ್ಳ ಅಲ್ಲ."

"ಸಂತೋಷ." ಕೀಲಿಗೊಂಚಲು ನಿಂತಿತು. "ಆ ಹರಳನ್ನ ಹೊರಗೆ ತಗೊಂಡು ಹೋಗಿದ್ದು ಯಾರ ಚೀಲ?"

ವಿಮೆಯಕ್ಕ ಪಕ್ಕದಲ್ಲಿದ್ದ ತನ್ನ ಚೀಲದ ಕಡೆ ನೋಡಿದಳು. ಅವಳ ಚೀಲವೇ. ಅವಳದೇ ಮೊಹರು. ಪರೀಕ್ಷಕನ ಕೈಗೆ ಕೊಟ್ಟವಳೂ ಅವಳೇ. ಚಕ್ರದ ಎಣ್ಣೆ ಬಿಡಬೇಕು, ಪರೀಕ್ಷೆಗೆ ಮುಂಚೆ ಆಮ್ಲದಲ್ಲಿ ಕುದಿಸುವುದು ಪದ್ಧತಿ ಎಂದು ಅವನು ಗಾಜಿನ ಕಪಾಟಿನ ಹಿಂದೆ ಹೋಗಿದ್ದ. ಗಾಜಿಗೆ ಹಬೆ ಕವಿದಿತ್ತು. ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಅವಳು ಈಚೆ ಕೂತು ಟೀ ಕುಡಿದಿದ್ದಳು.

"ಪರೀಕ್ಷಕ ಬದಲಾಯಿಸಿರಬಹುದು," ಎಂದಳು.

"ಇರಬಹುದು. ನೀವೂ ಬದಲಾಯಿಸಿರಬಹುದು. ನಿಮ್ಮ ಕೈಬರಹದಲ್ಲೇ ಸಾಕ್ಷಿ ಇದೆಯಲ್ಲ." ಅಳಿಯ ಮೇಜಿನ ಮೇಲಿದ್ದ ದೂರಿನ ಹಾಳೆಯನ್ನು ಎಳೆದುಕೊಂಡು ಅಜ್ಜನ ಹೆಸರಿನ ಮೇಲೆ ಅಡ್ಡಗೆರೆ ಎಳೆದ. "ಹೆಸರು ಬದಲಾಯಿಸೋದು ದೊಡ್ಡ ಕೆಲಸ ಅಲ್ಲ."

ಅವಳಿಗೆ ಅಳುವಷ್ಟು ಸಿಟ್ಟು ಬಂತು. ನಾಲ್ಕು ದಿನ ಒದ್ದಾಡಿ ಮುದುಕನ ಕೊರಳಿಂದ ಹಗ್ಗ ಬಿಚ್ಚಿದ್ದೇ ತಡ, ಅದು ತನ್ನ ಕೊರಳಿಗೆ ಬಿದ್ದಿತ್ತು. ಆದರೂ ಒಂದು ಎಳೆ ಕೈಗೆ ಸಿಕ್ಕಿತ್ತು. ಅದನ್ನು ಬಿಡಲು ಅವಳು ಸಿದ್ಧಳಿರಲಿಲ್ಲ.

"ನಾನು ಸೋಮವಾರ ಮಧ್ಯಾಹ್ನ ಬಂದವಳು, ಸಾರ್. ಹರಳು ತಿರುಗಿದ್ದು ಅದಕ್ಕೂ ಮುಂಚೆ. ತಿರುಗಿಸಿದವರು ಒಳಗಿನವರು. ಬೇಲಿಯೇ ಹೊಲ ಮೇಯ್ದಿದೆ. ತಿಜೋರಿಯಿಂದಲೇ ಹರಳು ಮಾಯವಾಗಿದ್ರೆ ಎಲ್ಲರೂ ಕೀಲಿ ಇದ್ದವರನ್ನ ಕೇಳ್ತಿದ್ರು. ಅದಕ್ಕೇ ಕದಿಯಲಿಲ್ಲ, ತಿರುಗಿಸಿದ್ರು. ಅಜ್ಜನ ಕಿವಿ ಸುಮ್ನೆ ಇರಲ್ಲ, ಬಾಯಿ ಅಂತೂ ಸುಮ್ನೆ ಇರಲ್ಲ ಅಂತ ಅವರಿಗೆ ಗೊತ್ತಿತ್ತು. ಅಜ್ಜ ಕೂಗಿದ್ರೆ ಹರಳು ತಾನಾಗೇ ಹೊರಗೆ ಹೋಗತ್ತೆ, ಹತ್ತು ಜನರ ಎದುರಿಗೆ, ನನ್ನ ಮೊಹರಿನ ಸಮೇತ. ಅವನ ಸತ್ಯವನ್ನೇ ಅವರು ಕೀಲಿ ಮಾಡಿಕೊಂಡ್ರು."

ಅವಳು ಹಿಡಿಕೆಯನ್ನು ಎತ್ತಿ ಹಿಡಿದಳು. "ಹರಳನ್ನ ತೆಗೆದು, ಅಜ್ಜನ ಕಣ್ಣಿಗೂ ಗೊತ್ತಾಗದ ಹಾಗೆ ಮತ್ತೆ ಮಟ್ಟವಾಗಿ ಕೂರಿಸೋದು ಎಷ್ಟು ಜನಕ್ಕೆ ಬರತ್ತೆ ಇಲ್ಲಿ?"

ಅಳಿಯನಿಗೆ ಹಿಡಿಕೆಯ ತಿರುಪು ಎಡಕ್ಕೋ ಬಲಕ್ಕೋ ಎಂಬುದೂ ಗೊತ್ತಿಲ್ಲ ಎಂದು ಸಾಣೆಮನೆಯೆಲ್ಲ ನಗುತ್ತಿತ್ತು.

"ಇಬ್ಬರಿಗೆ," ಎಂದಳು ಮಗಳು.

ಧ್ವನಿ ಎಷ್ಟು ಸಣ್ಣದಿತ್ತೆಂದರೆ ಪಕ್ಕದಲ್ಲೇ ಕೂತ ಅಜ್ಜನಿಗೆ ಮುಟ್ಟಲಿಲ್ಲ.

"ಅಪ್ಪನಿಗೆ, ನನಗೆ. ತಿರುಗಿಸಿದ್ದು ನಾನೇ ಅಕ್ಕಾ."

ವಿಮೆಯಕ್ಕ ಹಿಡಿಕೆಯನ್ನು ಮೇಜಿನ ಮೇಲಿಟ್ಟಳು. ಮಗಳು ಅವಳನ್ನು ನೋಡುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಮೂರು ಗುಳಿಗಳನ್ನು ನೋಡುತ್ತಿದ್ದಳು.

"ಶನಿವಾರ ಅಪ್ಪ ಮನೆಗೆ ಹೊರಟ ಮೇಲೆ ನನ್ನ ಕರೆಸಿದ್ರು. ನಿಮ್ಮಪ್ಪನಿಗೆ ವಯಸ್ಸಾಯ್ತು, ಕಿವಿ ಹೋಗಿದೆ ಅಂತ ಎಲ್ಲರೂ ಅಂತಾರೆ, ಪೀಠ ಬಿಡಿಸಬೇಕು ಅಂತಿದಾರೆ. ನನಗೆ ಇಷ್ಟ ಇಲ್ಲ, ಒಂದು ಪರೀಕ್ಷೆ ಮಾಡೋಣ, ಒಂದು ಮುಖ ತಿರುಗಿಸಿಡು, ಅವನಿಗೆ ಗೊತ್ತಾದ್ರೆ ಸಾಯೋವರೆಗೂ ಪೀಠ ಅವನದೇ ಅಂದ್ರು. ಐದು ನಿಮಿಷದ ಕೆಲಸ. ಸೋಮವಾರ ಅಪ್ಪ ಎದ್ದು ನಿಂತಾಗ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಗೆದ್ರು ಅಂದುಕೊಂಡೆ."

"ಬುಧವಾರ ವರದಿ ಬಂದಾಗ ಯಾಕೆ ಬಾಯಿ ಬಿಡಲಿಲ್ಲ?" ವಿಮೆಯಕ್ಕನ ಧ್ವನಿ ಒರಟಾಗಿತ್ತು.

"ಹೋಗಿ ಕೇಳಿದೆ. ನೀನು ಮುಟ್ಟಿದ್ದು ಗೊತ್ತಾದ್ರೆ ಅಪ್ಪ ಮಗಳು ಇಬ್ಬರೂ ಒಳಗೆ ಹೋಗ್ತೀರಿ, ಸುಮ್ನಿರು, ನಾಲ್ಕು ಗಂಟೆಗೆ ನಾನೇ ಬಂದು ದೂರಿನಿಂದ ಅವನ ಹೆಸರು ಹೊಡೆದು ಹಾಕ್ತೀನಿ ಅಂದ್ರು. ನಾಲ್ಕು ಗಂಟೆಗೇ ಕಾಯ್ತಿದ್ದೆ."

ನಾಲ್ಕು ಗಂಟೆಗೆ. ಅಳಿಯ ನಿಧಾನವಾಗಿ ಅಜ್ಜನ ಪೀಠದ ಅಂಚಿಗೆ ಕೂತ. ಇಸ್ತ್ರಿ ಅಂಗಿಗೆ ಎಣ್ಣೆ ತಾಗಿತು, ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ನಮ್ಮ ಮಾವ," ಎಂದ. ಕೇಳಿದ್ದೋ ಹೇಳಿದ್ದೋ ತಿಳಿಯಲಿಲ್ಲ.

ಮಗಳು ಹೌದೆಂದು ತಲೆಯಾಡಿಸಿದಳು. ಹರಳೂ ಅವರದೇ, ಕಳುವಾದರೆ ವಿಮೆಯ ಹಣವೂ ಅವರಿಗೇ ಎಂಬುದು ವಿಮೆಯಕ್ಕನಿಗೆ ಈಗ ಹೊಳೆಯಿತು.

"ಏನಂದ್ಲು?" ಎಂದ ಅಜ್ಜ. "ಯಾಕೆ ಎಲ್ಲರೂ ಹಿಂಗೆ ಕೂತ್ರಿ? ಏನಂದ್ಲು ನನ್ನ ಮಗಳು?"

ನಿನ್ನ ಕಿವಿ ಸುಳ್ಳಾಗಿರಲಿಲ್ಲ, ನಿನ್ನ ಮಗಳೇ ಅದನ್ನು ಒರೆಗೆ ಹಚ್ಚಿದಳು ಎಂದು ಅವನಿಗೆ ಕೂಗಿ ಹೇಳುವುದು ಯಾರು? ವಿಮೆಯಕ್ಕ ಪುಸ್ತಕಕ್ಕೆ ಕೈ ಚಾಚಿದಳು. ಮೊದಲು ಅದನ್ನು ಚೀಲಕ್ಕೆ ಸೇರಿಸಬೇಕು.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು.

ದೊಡ್ಡ ಯಜಮಾನರು ಬಂದಿದ್ದರು. ಗಡಿಯಾರದಲ್ಲಿ ಇನ್ನೂ ಮೂರೂವರೆ. ಬಿಳಿ ಕೂದಲು, ಸಾಧು ಮುಖ, ಜೇಬಿನಲ್ಲಿ ಸಹಿಯ ಪೆನ್ನು. ಎಲ್ಲರನ್ನೂ ಒಂದು ಸುತ್ತು ನೋಡಿದರು. ಕೂತೇ ಇದ್ದ ಅಳಿಯನನ್ನು, ಬಿಚ್ಚಿಟ್ಟ ಹಿಡಿಕೆಯನ್ನು, ಮೇಜಿನ ಮೇಲೆ ತೆರೆದಿದ್ದ ಪುಸ್ತಕದ ಮೂರು ಗುಳಿಗಳನ್ನು.

"ಯಜಮಾನ್ರೇ, ಒಳ್ಳೇ ಹೊತ್ತಿಗೆ ಬಂದ್ರಿ," ಎಂದು ಎದ್ದು ನಿಂತ ಅಜ್ಜ. ನಲವತ್ತು ವರ್ಷದ ಸಲಿಗೆ ಅವನ ಧ್ವನಿಯಲ್ಲಿತ್ತು. "ನನ್ನ ಮಗಳು ಏನೋ ಹೇಳಿದ್ಲು, ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡ್ರು. ಬಾಗಿಲ ಹತ್ರ ಇದ್ರಲ್ಲ, ನಿಮಗಾದ್ರೂ ಕೇಳಿಸ್ತಾ?"

ಯಜಮಾನರು ಪುಸ್ತಕದಿಂದ ಕಣ್ಣೆತ್ತಲಿಲ್ಲ. ಬೆನ್ನ ಹಿಂದೆ ಕೈ ಹಾಕಿ ಬಾಗಿಲಿಗೆ ಅಗುಳಿ ಜಾರಿಸಿದರು.

"ಕೇಳಿಸ್ತು," ಎಂದರು.